ಸವಾಯ್‌ನಿಂದ ಸಾವನದುರ್ಗದವರೆಗೆ

ಲಂಡನ್ನಿನ ಸ್ಟ್ರ್ಯಾಂಡ್ ರಸ್ತೆಯಲ್ಲಿ ಸವಾಯ್ ಹೋಟೆಲೂ ಸವಾಯ್ ಥಿಯೇಟರೂ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಎರಡನ್ನೂ ಕಟ್ಟಿಸಿದವರು ರಿಚರ್ಡ್ ಡಾಯ್ಲಿ ಕಾರ್ಟ್ ಎಂಬ ನಾಟಕದ ವ್ಯಾಪಾರಿ. 1929ರಲ್ಲಿ ಅಮೆರಿಕದ ಕಪ್ಪು ಗಾಯಕ ಪಾಲ್ ರಾಬ್ಸನ್ ಊಟಕ್ಕೆಂದು ಹೋದಾಗ ಹೋಟೆಲಿನವರು ಒಳಗೆ ಬಿಟ್ಟುಕೊಳ್ಳಲಿಲ್ಲ. ಮರುವರ್ಷ ಮೇ 19ರ ರಾತ್ರಿ ಅದೇ ರಾಬ್ಸನ್ ಪಕ್ಕದ ಥಿಯೇಟರಿನಲ್ಲಿ ಒಥೆಲೊ ಆಗಿ ರಂಗಕ್ಕೆ ಬಂದರು. ಕಪ್ಪು ಮನುಷ್ಯ ಕಾಸಿಗೆ ಊಟ ಮಾಡುವಂತಿಲ್ಲ, ಕಾಸು ಪಡೆದು ರಂಜಿಸಬಹುದು. ಆ ಊರಿನ ಮರ್ಯಾದೆಯ ಲೆಕ್ಕಾಚಾರ ಹಾಗಿತ್ತು.

ಅಂದು ಡೆಸ್ಡಿಮೋನ ಆಗಿದ್ದವರು ಇಪ್ಪತ್ತೆರಡು ವರ್ಷದ ಪೆಗ್ಗಿ ಆಶ್‌ಕ್ರಾಫ್ಟ್. ಲಂಡನ್ನಿನ ರಂಗದ ಮೇಲೆ ಕಪ್ಪು ನಟನೊಬ್ಬ ಒಥೆಲೊ ಆಗಿದ್ದು ಹತ್ತೊಂಬತ್ತನೇ ಶತಮಾನದ ಐರಾ ಆಲ್ಡ್ರಿಜ್ ಕಾಲದ ಮಾತು. ಈಗ ಮತ್ತೆ ಹಾಗಾದಾಗ ಜನ ಮೊದಲು ನೋಡಿದ್ದು ಶೇಕ್ಸ್‌ಪಿಯರನನ್ನಲ್ಲ, ಒಬ್ಬ ಬಿಳಿ ಹುಡುಗಿಯನ್ನು ಕಪ್ಪು ಗಂಡಸು ಮುಟ್ಟುವುದನ್ನು. ಪೆಗ್ಗಿಗೆ ಬೈಗುಳದ ಪತ್ರಗಳು ಬಂದವು. ರಾಬ್ಸನ್‌ಗೂ ಅಳುಕು ಇತ್ತು: ಮೊದಲ ಎರಡು ವಾರ ಪೆಗ್ಗಿಯ ಜೊತೆಗಿನ ಪ್ರತಿ ದೃಶ್ಯದಲ್ಲೂ ತಾನು ಹಿಂದೆ ಹಿಂದೆ ಸರಿಯುತ್ತಲೇ ಇದ್ದೆ ಎಂದು ಆಮೇಲೆ ಅವರೇ ಹೇಳಿಕೊಂಡರು. ಆರಡಿಗೂ ಮೀರಿದ ಆಳು, ದಳಪತಿಯ ಪಾತ್ರ, ಹೆಂಡತಿಯ ಕೈ ಹಿಡಿಯಲು ಭಯ. ಪ್ರಯೋಗ ಅಷ್ಟೇನೂ ಚೆನ್ನಾಗಿರಲಿಲ್ಲ. ಇಯಾಗೊ ಪಾತ್ರವನ್ನು ನಿರ್ಮಾಪಕ ಮಾರಿಸ್ ಬ್ರೌನ್ ತಾವೇ ವಹಿಸಿಕೊಂಡಿದ್ದರು, ಅದಕ್ಕೆ ಟೀಕೆಯೂ ಬಿತ್ತು. ಆದರೆ ವರ್ಣಭೇದ ಅಂದರೇನು ಎಂಬುದು ತನಗೆ ತಿಳಿದದ್ದು ಆ ನಾಟಕದಲ್ಲಿ ಎಂದು ಪೆಗ್ಗಿ ಕೊನೆಯವರೆಗೂ ಹೇಳುತ್ತಿದ್ದರು. ಆಕೆ ಎಡಪಂಥದ ಕಡೆಗೆ ವಾಲಿದ್ದಕ್ಕೂ, ಸಹಿ ಹಾಕಬೇಕಾದ ಮನವಿಗಳಿಗೆಲ್ಲ ಹಿಂದೆಮುಂದೆ ನೋಡದೆ ಸಹಿ ಹಾಕಿದ್ದಕ್ಕೂ ಬೇರನ್ನು ಅಲ್ಲಿ ಹುಡುಕಬಹುದು.

ಎಡಿತ್ ಮಾರ್ಗರೆಟ್ ಎಮಿಲಿ ಆಶ್‌ಕ್ರಾಫ್ಟ್ ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ನಿನಲ್ಲಿ. ತಂದೆ ಜಮೀನು ವ್ಯವಹಾರ ನೋಡಿಕೊಳ್ಳುವ ಏಜೆಂಟ್. ಮೊದಲ ಮಹಾಯುದ್ಧಕ್ಕೆ ಹೋದವರು 1918ರಲ್ಲಿ ತೀರಿಕೊಂಡರು. ತಾಯಿಗೆ ನಾಟಕದ ಹುಚ್ಚು. ಎಲ್ಸಿ ಫೋಗರ್ಟಿ ಎಂಬ ಹೆಸರಾಂತ ಗುರುವಿನ ಬಳಿ ಮಾತಿನ ಪಾಠ ಹೇಳಿಸಿಕೊಂಡವರು, ಆದರೆ ಹವ್ಯಾಸದ ಆಚೆಗೆ ಹೋಗಲಿಲ್ಲ. ಹದಿನಾರನೇ ವಯಸ್ಸಿಗೆ ಮಗಳು ಅದೇ ಫೋಗರ್ಟಿಯ ನಾಟಕ ಶಾಲೆ ಸೇರಿದರು. ಶಾಲೆ ನಡೆಯುತ್ತಿದ್ದದ್ದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಸಹಪಾಠಿ ಲಾರೆನ್ಸ್ ಒಲಿವಿಯರ್. ವೆನಿಸ್ಸಿನ ವ್ಯಾಪಾರಿಯ ದೃಶ್ಯವೊಂದರಲ್ಲಿ ಒಲಿವಿಯರ್ ಶೈಲಾಕ್, ಪೆಗ್ಗಿ ಪೋರ್ಷಿಯಾ, ಬಹುಮಾನ ಇಬ್ಬರಿಗೂ ಹಂಚಿಹೋಯಿತು.

ಫೋಗರ್ಟಿಯ ಶಾಲೆಯಲ್ಲಿ ಕಂಠವೇ ಸರ್ವಸ್ವ. ಉಸಿರು, ಉಚ್ಚಾರ, ಮಾಧುರ್ಯ. ಪೆಗ್ಗಿಗೆ ಅದರಲ್ಲಿ ರುಚಿ ಹತ್ತಲಿಲ್ಲ. ಆ ದಿನಗಳಲ್ಲಿ ಹೊಸದಾಗಿ ಇಂಗ್ಲಿಷಿಗೆ ಬಂದಿದ್ದ ಸ್ಟಾನಿಸ್ಲಾವ್‌ಸ್ಕಿಯ ಆತ್ಮಕಥೆ ಕೈಗೆ ಸಿಕ್ಕಿತು. ಮಾಸ್ಕೋದಲ್ಲಿ ಒಂದಿಷ್ಟು ನಟರು ವರ್ಷಗಟ್ಟಲೆ ಒಟ್ಟಿಗಿದ್ದು, ತಿಂಗಳುಗಟ್ಟಲೆ ತಾಲೀಮು ನಡೆಸಿ ಚೆಕಾಫನನ್ನು ಆಡುತ್ತಾರೆ ಎಂಬ ಸಂಗತಿಯೇ ಆಕೆಗೆ ಕನಸಿನಂತೆ ಕಂಡಿತು. 1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿಯಲ್ಲಿ ರಾಲ್ಫ್ ರಿಚರ್ಡ್‌ಸನ್ ಜೊತೆ ಬಣ್ಣ ಹಚ್ಚಿದಾಗಿನಿಂದ 1991ರವರೆಗೆ ಆಕೆ ಬೆನ್ನು ಹತ್ತಿದ್ದು ಅದನ್ನೇ: ಒಟ್ಟಿಗೆ ಉಳಿಯುವ ಒಂದು ತಂಡ.

ಇದರ ಬೆಲೆ ಗೊತ್ತಾಗಬೇಕಾದರೆ ಅಂದಿನ ಲಂಡನ್ ರಂಗಭೂಮಿ ಹೇಗಿತ್ತು ಎಂದು ತಿಳಿಯಬೇಕು. ನಮ್ಮಲ್ಲಿ ಗುಬ್ಬಿ ಕಂಪನಿಯಂಥವು ಒಂದೇ ಬಳಗವನ್ನು ಕಟ್ಟಿಕೊಂಡು ಊರಿಂದೂರಿಗೆ ಕ್ಯಾಂಪು ಹಾಕುತ್ತ, ಇವತ್ತು ಒಂದು ನಾಟಕ ನಾಳೆ ಇನ್ನೊಂದು ಎಂದು ಆಡುತ್ತಿದ್ದ ಕಾಲ ಅದು. ವೆಸ್ಟ್ ಎಂಡಿನಲ್ಲಿ ಹಾಗಲ್ಲ. ಒಂದು ನಾಟಕಕ್ಕೆ ಒಬ್ಬ ನಿರ್ಮಾಪಕ, ಹೆಸರಿರುವ ಒಂದಿಬ್ಬರು ನಟರು, ಉಳಿದವರು ಸಿಕ್ಕವರು. ಮೂರು ನಾಲ್ಕು ವಾರ ತಾಲೀಮು. ಟಿಕೆಟ್ ಹೋಗುವಷ್ಟು ದಿನ ಅದೇ ನಾಟಕ, ಆಮೇಲೆ ಎಲ್ಲರೂ ಅವರವರ ದಾರಿ. ಮುಂದಿನ ನಾಟಕಕ್ಕೆ ಮತ್ತೆ ಮೊದಲಿಂದ ಪರಿಚಯ. ಪೆಗ್ಗಿಗೆ ಹೆಸರು ತಂದುಕೊಟ್ಟ ವ್ಯವಸ್ಥೆಯೂ ಇದೇ, ಬೇಸರ ತರಿಸಿದ ವ್ಯವಸ್ಥೆಯೂ ಇದೇ.

ಇದಕ್ಕೆ ಹೊರತಾಗಿದ್ದದ್ದು ಓಲ್ಡ್ ವಿಕ್. ಥೇಮ್ಸ್ ನದಿಯ ಆಚೆ ದಡದ ಬಡವರ ಬೀದಿಯಲ್ಲಿ ಲಿಲಿಯನ್ ಬೇಲಿಸ್ ಎಂಬ ಗಟ್ಟಿಗಿತ್ತಿ ಅಗ್ಗದ ದರಕ್ಕೆ ಶೇಕ್ಸ್‌ಪಿಯರನನ್ನು ತೋರಿಸುತ್ತಿದ್ದರು. ಸಂಬಳ ಕೇಳಿದರೆ ದೇವರ ಹತ್ತಿರ ವಿಚಾರಿಸುತ್ತೇನೆ ಎನ್ನುವ ಪೈಕಿ. ರಂಗದ ಪಕ್ಕದಲ್ಲೇ ಒಲೆ ಇಟ್ಟುಕೊಂಡು ಅಡುಗೆ ಮಾಡುವರು, ರಾಜ ಸಾಯುವ ದೃಶ್ಯದ ನಡುವೆ ಸಾಸೇಜಿನ ವಾಸನೆ ಮುಂದಿನ ಸಾಲಿಗೆ ಬಡಿಯುತ್ತಿತ್ತು ಎಂಬ ಕಥೆ ಲಂಡನ್ನಿನ ನಟರ ಬಾಯಲ್ಲಿ ಬಹುಕಾಲ ಓಡಾಡಿತು. 1932–33ರ ಹಂಗಾಮಿನಲ್ಲಿ ಪೆಗ್ಗಿ ಅಲ್ಲಿ ಪೋರ್ಷಿಯಾ, ರೋಸಲಿಂಡ್, ಇಮೊಜೆನ್, ಪರ್ಡಿಟಾ, ಮಿರಾಂಡಾ, ಜೂಲಿಯೆಟ್ ಎಲ್ಲವನ್ನೂ ಒಂದರ ಹಿಂದೆ ಒಂದು ಆಡಿದರು. ಒಂದು ಪಾತ್ರ ಬಾಯಿಗೆ ಕೂರುವಷ್ಟರಲ್ಲಿ ಇನ್ನೊಂದು ತಯಾರಾಗಬೇಕು. ವರ್ಷಗಳ ಕೆಲಸವನ್ನು ತಿಂಗಳುಗಳಲ್ಲಿ ಮುಗಿಸಿದ ಹಾಗಾಯಿತು.

ಜೂಲಿಯೆಟ್ ಜೊತೆಗೆ ಆಕೆಯದು ಹಳೆಯ ನಂಟು. 1932ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನಾಟಕ ಸಂಘಕ್ಕಾಗಿ ಜಾನ್ ಗೀಲ್‌ಗುಡ್ ಮೊದಲ ಬಾರಿಗೆ ನಿರ್ದೇಶನಕ್ಕೆ ಇಳಿದಾಗ ಆರಿಸಿಕೊಂಡದ್ದು ಪೆಗ್ಗಿಯನ್ನು. ಮೂರು ವರ್ಷದ ಮೇಲೆ, 1935ರ ಅಕ್ಟೋಬರಿನಲ್ಲಿ, ಲಂಡನ್ನಿನ ನ್ಯೂ ಥಿಯೇಟರಿನಲ್ಲಿ ಅದೇ ನಾಟಕ ಮತ್ತೆ ಏರಿತು. ಮೊದಲು ಒಲಿವಿಯರ್ ರೋಮಿಯೊ, ಗೀಲ್‌ಗುಡ್ ಮರ್ಕ್ಯೂಷಿಯೊ. ಕೆಲವು ವಾರ ಕಳೆದ ಮೇಲೆ ಇಬ್ಬರೂ ಪಾತ್ರ ಅದಲುಬದಲು ಮಾಡಿಕೊಂಡರು. ಗೀಲ್‌ಗುಡ್ ಪದ್ಯವನ್ನು ವೀಣೆಯ ಹಾಗೆ ನುಡಿಸುವವರು. ಒಲಿವಿಯರ್ ಪದ್ಯದ ಹಂಗು ತೊರೆದು ಮೈಯಲ್ಲೇ ಮಾತಾಡುವವರು. ವಿಮರ್ಶಕರು ಇವರಲ್ಲಿ ಯಾರು ಮೇಲು ಎಂದು ಕಚ್ಚಾಡಿದರು, ಇವತ್ತಿಗೂ ಆ ಪ್ರಯೋಗದ ಬಗ್ಗೆ ಬರೆಯುವವರೆಲ್ಲ ಬರೆಯುವುದು ಅದನ್ನೇ. ಎರಡು ಧ್ರುವಗಳಂಥ ಇಬ್ಬರು ರೋಮಿಯೊಗಳಿಗೂ ಒಬ್ಬಳೇ ಜೂಲಿಯೆಟ್ ಆಗಿ, ಇಬ್ಬರ ಜೊತೆಗೂ ಸುಳ್ಳೆನಿಸದಂತೆ ಪ್ರೀತಿಸುವುದು ಎಷ್ಟು ಕಷ್ಟ ಎಂದು ಯೋಚಿಸಿದವರು ಕಡಿಮೆ. ನೂರೆಂಬತ್ತಕ್ಕೂ ಹೆಚ್ಚು ಪ್ರದರ್ಶನ ಆದವು. ಆ ನಾಟಕಕ್ಕೆ ಅದು ಅಲ್ಲಿಯವರೆಗಿನ ದಾಖಲೆ.

ನಂತರ ಗೀಲ್‌ಗುಡ್ 1937–38ರಲ್ಲಿ ಕ್ವೀನ್ಸ್ ಥಿಯೇಟರ್ ಹಿಡಿದು ಒಂದಿಡೀ ವರ್ಷಕ್ಕೆ ತಂಡ ಕಟ್ಟಿದರು. ಪೆಗ್ಗಿ, ಮೈಕೆಲ್ ರೆಡ್‌ಗ್ರೇವ್, ಆಲೆಕ್ ಗಿನ್ನೆಸ್ ಎಲ್ಲರೂ ಇದ್ದರು. ಫ್ರಾನ್ಸಿನಿಂದ ಬಂದ ಮಿಷೆಲ್ ಸೇಂಟ್-ಡೆನಿ ಚೆಕಾಫನ ಮೂವರು ಅಕ್ಕತಂಗಿಯರ ನಾಟಕವನ್ನು ವೆಸ್ಟ್ ಎಂಡಿಗೆ ಗೊತ್ತೇ ಇರದಷ್ಟು ದಿನ ತಾಲೀಮು ಮಾಡಿಸಿದರು. ಕಿರಿಯವಳಾದ ಇರೀನಾ ಪೆಗ್ಗಿಯ ಪಾಲಿಗೆ ಬಂತು. ಅದಕ್ಕೂ ಮುಂಚೆ ರಷ್ಯದ ನಿರ್ದೇಶಕ ಕೊಮಿಸಾರ್ಜೆವ್‌ಸ್ಕಿಯನ್ನು ಮದುವೆಯಾಗಿ, ಆ ಮದುವೆ ಬೇಗನೆ ಮುರಿದು, ಮುರಿದ ಮೇಲೂ ಅವರದೇ ನಿರ್ದೇಶನದಲ್ಲಿ ಚೆಕಾಫನ ನೀನಾ ಆಗಿದ್ದರು ಈಕೆ. ವಿಚ್ಛೇದನದ ಮರುದಿನವೇ ತಾಲೀಮಿಗೆ ಹಾಜರಾಗುವ ಜಾತಿ ನಟರದು. 1940ರಲ್ಲಿ ವಕೀಲ ಜೆರೆಮಿ ಹಚಿನ್ಸನ್ ಜೊತೆ ಮತ್ತೆ ಮದುವೆ, ಇಬ್ಬರು ಮಕ್ಕಳು.

ಈ ನಡುವೆ ಸಿನಿಮಾ ಬಂದು ಬಾಗಿಲು ತಟ್ಟಿ ಹೋಯಿತು. 1935ರ ಹಿಚ್‌ಕಾಕ್ ಚಿತ್ರ ‘ದಿ ಥರ್ಟಿ-ನೈನ್ ಸ್ಟೆಪ್ಸ್’. ಕೊಲೆಯ ಆರೋಪ ಹೊತ್ತು ಓಡುತ್ತಿರುವ ನಾಯಕ ಸ್ಕಾಟ್ಲೆಂಡಿನ ಬಡ ರೈತನೊಬ್ಬನ ಮನೆಯಲ್ಲಿ ಒಂದು ರಾತ್ರಿ ತಂಗುತ್ತಾನೆ. ರೈತನ ಹೆಂಡತಿ ಪೆಗ್ಗಿ. ಊಟದ ಮೇಜಿನ ಮೇಲೆ ಪತ್ರಿಕೆ ಬಿದ್ದಿದೆ. ಗಂಡ ತಲೆ ತಗ್ಗಿಸಿ ಪ್ರಾರ್ಥನೆ ಹೇಳುತ್ತಿದ್ದಾನೆ. ಅವಳ ಕಣ್ಣು ಪತ್ರಿಕೆಯ ಮೇಲೆ ಹೋಗುತ್ತದೆ, ಅಲ್ಲಿಂದ ಅತಿಥಿಯ ಮುಖಕ್ಕೆ. ಅವನೂ ನೋಡುತ್ತಾನೆ. ಒಂದು ಮಾತಿಲ್ಲ. ಅವನು ಯಾರೆಂದು ಅವಳಿಗೆ ತಿಳಿಯಿತು, ತಿಳಿಯಿತೆಂದು ಅವನಿಗೂ ತಿಳಿಯಿತು. ಗಂಡ ಕಣ್ಣು ತೆರೆದಾಗ ಕಂಡದ್ದು ಇಬ್ಬರ ನೋಟ ಮಾತ್ರ, ಅವನು ಅದಕ್ಕೆ ಬೇರೆಯೇ ಅರ್ಥ ಕಟ್ಟುತ್ತಾನೆ. ಕತ್ತಲಲ್ಲಿ ಅತಿಥಿಯನ್ನು ಎಬ್ಬಿಸಿ, ಗಂಡನ ಕೋಟನ್ನು ಹೊದಿಸಿ ಓಡಿಸುವವಳೂ ಅವಳೇ. ಮುಂದೆ ಆ ಕೋಟಿನ ಜೇಬಿನಲ್ಲಿದ್ದ ಪ್ರಾರ್ಥನಾ ಗೀತೆಗಳ ಪುಸ್ತಕ ಗುಂಡಿಗೆ ಅಡ್ಡವಾಗಿ ಅವನನ್ನು ಉಳಿಸುತ್ತದೆ. ಅವಳಿಗೆ ಸಿಕ್ಕಿದ್ದು ಗಂಡನ ಏಟು. ಪರದೆಯ ಮೇಲೆ ಅವಳಿರುವುದು ಕೆಲವೇ ನಿಮಿಷ. ಆದರೂ ಪೇಟೆ ಕಾಣಲು ಹಂಬಲಿಸಿ ಕಲ್ಲುಗುಡ್ಡದ ನಡುವೆ ಸಿಕ್ಕಿಬಿದ್ದ ಆ ಹೆಂಗಸು ಇಡೀ ಚಿತ್ರದ ಅತ್ಯಂತ ನಿಜವಾದ ಮನುಷ್ಯಳು ಎಂದು ನನಗೆ ಪ್ರತಿ ಸಲವೂ ಅನ್ನಿಸಿದೆ. ಇಷ್ಟು ಬಲ್ಲ ಮುಖವನ್ನು ಬ್ರಿಟಿಷ್ ಸಿನಿಮಾ ಮುಂದಿನ ನಲವತ್ತು ವರ್ಷ ಬಳಸಿಕೊಂಡದ್ದು ಕೈಬೆರಳೆಣಿಕೆಯಷ್ಟು. ತಪ್ಪು ಸಿನಿಮಾದ್ದೊಂದೇ ಅಲ್ಲ. ಈಕೆಗೂ ಅದರ ಮೇಲೆ ಮೋಹವಿರಲಿಲ್ಲ.

ಯುದ್ಧ ಮುಗಿದ ಮೇಲಿನ ಹತ್ತು ವರ್ಷ ವೆಸ್ಟ್ ಎಂಡಿನಲ್ಲಿ ಆಕೆ ಮುಟ್ಟಿದ್ದೆಲ್ಲ ಚಿನ್ನ. 1949ರಲ್ಲಿ ‘ದಿ ಏರಸ್’, 1952ರಲ್ಲಿ ರ‍್ಯಾಟಿಗನ್‌ನ ‘ದಿ ಡೀಪ್ ಬ್ಲೂ ಸೀ’. 1953ರಲ್ಲಿ ಶೇಕ್ಸ್‌ಪಿಯರನ ಹುಟ್ಟೂರು ಸ್ಟ್ರಾಟ್‌ಫರ್ಡಿನಲ್ಲಿ ರೆಡ್‌ಗ್ರೇವ್ ಆಂಟನಿಗೆ ಕ್ಲಿಯೋಪಾತ್ರ. ಕೆನೆತ್ ಟೈನನ್ ಎಂಬ ಎಳೆ ವಯಸ್ಸಿನ ವಿಮರ್ಶಕ ಇಂಗ್ಲಿಷ್ ಹೆಂಗಸರಿಂದ ಈ ಪಾತ್ರ ಆಗದ ಮಾತು ಎಂದು ಲೇವಡಿ ಮಾಡಿದ. ಕ್ಲಿಯೋಪಾತ್ರ ಈಜಿಪ್ಟಿನವಳಲ್ಲ, ಮೆಸಿಡೋನಿಯಾ ಮೂಲದ ಗ್ರೀಕಳು ಎಂದು ಪೆಗ್ಗಿ ಕೆಂಪು ಕೂದಲಿನ ಟೋಪನ್ ಹಾಕಿಕೊಂಡೇ ಆಡಿದರು. 1954ರಲ್ಲಿ ಇಬ್ಸನ್ನಿನ ಹೆಡ್ಡಾ ಗಾಬ್ಲರ್. ಅದನ್ನು ಮರುವರ್ಷ ನಾರ್ವೆಯ ಆಸ್ಲೋಗೆ, ಅಂದರೆ ಇಬ್ಸನ್ನನ ತವರಿಗೇ ಒಯ್ದಾಗ, ದೊರೆ ಏಳನೇ ಹಾಕೊನ್ ಚಿನ್ನದ ಪದಕ ಕೊಟ್ಟರು. 1956ರಲ್ಲಿ ಇಂಗ್ಲೆಂಡಿನ ರಾಣಿ ‘ಡೇಮ್’ ಬಿರುದು ಕೊಟ್ಟರು.

ಡೇಮ್ ಆದ ನಟಿಗೆ ಇಂಗ್ಲೆಂಡಿನಲ್ಲಿ ಮುಂದಿನ ದಾರಿ ಗೊತ್ತಿದ್ದದ್ದೇ. ಒಳ್ಳೆಯ ಸೋಫಾ ಇರುವ ಮೂರಂಕದ ನಾಟಕ, ಪ್ರವೇಶಕ್ಕೊಮ್ಮೆ ಚಪ್ಪಾಳೆ. ಪೆಗ್ಗಿ ಮಾಡಿದ್ದೇನು? ಅದೇ ವರ್ಷ ಅಕ್ಟೋಬರಿನಲ್ಲಿ ರಾಯಲ್ ಕೋರ್ಟ್‌ಗೆ ಹೋಗಿ ಬ್ರೆಕ್ಟ್ ನಾಟಕದಲ್ಲಿ ಸೆಟ್ಜುವಾನಿನ ವೇಶ್ಯೆಯಾಗಿಯೂ, ಅವಳೇ ಹಾಕುವ ಗಂಡಸಿನ ವೇಷದಲ್ಲೂ ನಿಂತರು. ಅಲ್ಲಿ ಮೇ ತಿಂಗಳಲ್ಲಷ್ಟೇ ನಾಟಕಕಾರ ಜಾನ್ ಆಸ್ಬರ್ನ್ ತಮ್ಮ ನಾಟಕದಿಂದ ಹಳೆಯ ರಂಗಭೂಮಿಯ ಸೋಫಾಕ್ಕೆ ಬೆಂಕಿ ಇಟ್ಟಿದ್ದರು. ಬ್ರೆಕ್ಟ್ ತೀರಿಕೊಂಡು ಎರಡು ತಿಂಗಳು. ಇಂಗ್ಲಿಷ್ ನಟರಿಗೆ ಬ್ರೆಕ್ಟನನ್ನು ಹೇಗೆ ಆಡಬೇಕೆಂದು ಇನ್ನೂ ತಿಳಿಯದ ಕಾಲ, ಪ್ರಯೋಗ ಅಂಥ ಯಶಸ್ಸೇನೂ ಕಾಣಲಿಲ್ಲ. ಆದರೆ ಪೆಗ್ಗಿ ಯಾವ ಕಡೆ ಎಂಬುದು ಹೊಸಬರಿಗೆಲ್ಲ ಗೊತ್ತಾಯಿತು.

ಅವರಲ್ಲಿ ಒಬ್ಬರು ಪೀಟರ್ ಹಾಲ್. ಸ್ಟ್ರಾಟ್‌ಫರ್ಡಿನ ರಂಗಮಂದಿರದ ಹೊಣೆ ಹೊತ್ತಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ಬೇಸಿಗೆಯ ಪ್ರವಾಸಿಗಳಿಗಾಗಿ ವರ್ಷಕ್ಕೊಂದು ಸಲ ನಟರನ್ನು ಕಲೆಹಾಕುವ ಪದ್ಧತಿ ಬಿಟ್ಟು, ಮೂರು ಮೂರು ವರ್ಷದ ಕರಾರಿನ ಮೇಲೆ ಕಾಯಂ ತಂಡ ಕಟ್ಟಬೇಕು, ಲಂಡನ್ನಿನಲ್ಲೂ ಒಂದು ಮನೆ ಮಾಡಬೇಕು, ಶೇಕ್ಸ್‌ಪಿಯರನ ಜೊತೆ ಹೊಸ ನಾಟಕಗಳನ್ನೂ ಆಡಬೇಕು ಎಂಬುದು ಹಾಲ್ ಯೋಜನೆ. ಕೇಳಿದವರು ತಲೆಯಾಡಿಸಿ ಸುಮ್ಮನಾಗುವಂಥದ್ದು. ಮೊದಲು ಹೂಂ ಎಂದವರು ಪೆಗ್ಗಿ. ಆಕೆ ಬಂದರು ಎಂದಮೇಲೆ ಉಳಿದವರೂ ಬಂದರು. 1960ರಲ್ಲಿ ಐವತ್ತೆರಡರ ಪೆಗ್ಗಿ ಇಪ್ಪತ್ತೇಳರ ಪೀಟರ್ ಓಟೂಲ್‌ಗೆ ಜೋಡಿಯಾಗಿ ಶೇಕ್ಸ್‌ಪಿಯರನ ಗಯ್ಯಾಳಿ ಕೇಟ್ ಪಾತ್ರ ಮಾಡಿದರು. ಡಿಸೆಂಬರಿನಲ್ಲಿ ಲಂಡನ್ನಿನ ಆಲ್ಡ್‌ವಿಚ್ ಥಿಯೇಟರ್ ತಂಡದ ಮನೆಯಾದಾಗ ಮೊದಲ ನಾಟಕ ಆಕೆಯ ‘ದಿ ಡಚೆಸ್ ಆಫ್ ಮಾಲ್ಫಿ’. 1961ರಲ್ಲಿ ತಂಡಕ್ಕೆ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಎಂದು ಹೆಸರಾಯಿತು. ಇವತ್ತು ಜಗತ್ತಿಗೆಲ್ಲ ಗೊತ್ತಿರುವ ಆ ಹೆಸರಿನ ಹಿಂದೆ ಹಾಲ್‌ನ ಹುಮ್ಮಸ್ಸು ಎಷ್ಟಿದೆಯೋ ಪೆಗ್ಗಿಯ ಹೂಂಕಾರವೂ ಅಷ್ಟೇ ಇದೆ.

1963ರಲ್ಲಿ ಅದು ಫಲ ಕೊಟ್ಟಿತು. ಶೇಕ್ಸ್‌ಪಿಯರ್ ಎಳವೆಯಲ್ಲಿ ಬರೆದ ಆರನೇ ಹೆನ್ರಿಯ ಮೂರು ಭಾಗಗಳನ್ನು ಯಾರೂ ಹೆಚ್ಚಾಗಿ ಆಡುತ್ತಿರಲಿಲ್ಲ. ಜಾನ್ ಬಾರ್ಟನ್ ಆ ಮೂರನ್ನು ಎರಡಾಗಿ ಹೊಲಿದು, ಮೂರನೇ ರಿಚರ್ಡನನ್ನು ಕೊನೆಗೆ ಜೋಡಿಸಿ, ಸಂದುಗಳನ್ನು ಮುಚ್ಚಲು ಸಾವಿರಕ್ಕೂ ಮಿಕ್ಕಿ ಸಾಲುಗಳನ್ನು ತಾವೇ ಶೇಕ್ಸ್‌ಪಿಯರನ ಧಾಟಿಯಲ್ಲಿ ಹೊಸೆದರು. ಪಂಡಿತರು ಹೌಹಾರಿದರು. ಈ ತ್ರಿವಳಿಗೆ ‘ದಿ ವಾರ್ಸ್ ಆಫ್ ದಿ ರೋಸಸ್’ ಎಂದು ಹೆಸರು. ತಾಲೀಮಿನ ನಡುವೆ ಹಾಲ್ ಕಾಯಿಲೆ ಬಿದ್ದರು, ಆದರೂ ಕೆಲಸ ನಿಲ್ಲಲಿಲ್ಲ. ಮೂರೂ ನಾಟಕಗಳ ಉದ್ದಕ್ಕೂ ಹರಿಯುವ ಪಾತ್ರ ಫ್ರಾನ್ಸಿನ ಆಂಜೂವಿನಿಂದ ಬಂದ ರಾಣಿ ಮಾರ್ಗರೆಟ್‌ಳದು. ಮೊದಲ ನಾಟಕದಲ್ಲಿ ಹದಿಹರೆಯದ ಚೆಲುವೆ, ಎರಡನೆಯದರಲ್ಲಿ ರಕ್ಕಸಿಯಂಥ ಸೇನಾನಾಯಕಿ, ಕೊನೆಯದರಲ್ಲಿ ಅರಮನೆಯ ಓಣಿಗಳಲ್ಲಿ ಶಾಪ ಹಾಕುತ್ತ ಸುತ್ತುವ ಮುದುಕಿ. ಪೆಗ್ಗಿಗೆ ಆಗ ಐವತ್ತೈದು. ಕೆಲವು ದಿನ ಬೆಳಗ್ಗೆ ಶುರುವಾಗಿ ರಾತ್ರಿಯವರೆಗೆ ಮೂರೂ ನಾಟಕ ಒಂದೇ ದಿನ ನಡೆದವು. ಅಂದರೆ ಬೆಳಗಿನ ಹೊತ್ತು ಹುಡುಗಿ, ರಾತ್ರಿ ಊಟದ ಹೊತ್ತಿಗೆ ಎಪ್ಪತ್ತರ ಹಣ್ಣು.

ಬಿಬಿಸಿ 1964ರಲ್ಲಿ ಸ್ಟ್ರಾಟ್‌ಫರ್ಡ್ ರಂಗದ ಮೇಲೆಯೇ ಇದನ್ನು ಚಿತ್ರೀಕರಿಸಿದ್ದರಿಂದ ನಮ್ಮ ಅದೃಷ್ಟಕ್ಕೆ ಉಳಿದಿದೆ. ಯಾರ್ಕ್ ದೊರೆಯನ್ನು ಸೆರೆಹಿಡಿದು ತಂದ ದೃಶ್ಯ ನೋಡಬೇಕು. ಯಾರ್ಕ್ ಪಾತ್ರ ಡೊನಾಲ್ಡ್ ಸಿಂಡನ್‌ರದು. ಅವನ ಕಿರಿಯ ಮಗನನ್ನು ಕೊಂದ ರಕ್ತದಲ್ಲಿ ಅದ್ದಿದ ಕರವಸ್ತ್ರವನ್ನು ರಾಣಿ ಅವನ ಮುಖಕ್ಕೇ ಒಡ್ಡುತ್ತಾಳೆ, ಕಣ್ಣೀರು ಒರೆಸಿಕೋ ಎಂದು. ಕಾಗದದ ಕಿರೀಟ ಅವನ ತಲೆಗೆ ಮುಡಿಸುತ್ತಾಳೆ. ನಗುತ್ತಾಳೆ. ಆ ನಗು ಒಂದು ಹಂತದಲ್ಲಿ ಅವಳ ಹತೋಟಿ ತಪ್ಪುತ್ತದೆ. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯದು. ಕ್ರೂರಿಯ ಮೇಲೆ ನಮಗೆ ಕನಿಕರ ಹುಟ್ಟಿಸಲು ಪೆಗ್ಗಿ ಪ್ರಯತ್ನಿಸುವುದಿಲ್ಲ. ಕ್ರೌರ್ಯ ಮಾಡುವವಳ ಮೈಗೂ ಅದರ ಪೆಟ್ಟು ಹೇಗೆ ಬೀಳುತ್ತದೆ ಎಂದಷ್ಟೇ ತೋರಿಸುತ್ತಾರೆ. ‘ರ’ಕಾರವನ್ನು ಗಂಟಲಲ್ಲಿ ಉರುಳಿಸುವ ಫ್ರೆಂಚ್ ಉಚ್ಚಾರವನ್ನು ಮೂರು ನಾಟಕಗಳುದ್ದಕ್ಕೂ ಬಿಡಲಿಲ್ಲ, ಎಷ್ಟು ವರ್ಷ ಆಳಿದರೂ ಮಾರ್ಗರೆಟ್ ಈ ನೆಲಕ್ಕೆ ಹೊರಗಿನವಳೇ. ಪೆಗ್ಗಿ ಎಂದರೆ ಮೃದುತ್ವ, ಇಂಗ್ಲಿಷ್ ಗುಲಾಬಿ ಎಂದು ಮೂವತ್ತು ವರ್ಷ ಬರೆದಿದ್ದವರೆಲ್ಲ ಮಾತು ಬದಲಿಸಬೇಕಾಯಿತು. ಪೆಗ್ಗಿಯ ಜೀವಮಾನದ ಕೆಲಸ ಯಾವುದೆಂದು ಕೇಳಿದರೆ ನಾನು ಆಸ್ಕರ್ ಬಂದ ಚಿತ್ರದ ಹೆಸರು ಹೇಳುವುದಿಲ್ಲ, ಇದನ್ನೇ ಹೇಳುತ್ತೇನೆ.

ಅರವತ್ತು ದಾಟಿದ ಮೇಲೂ ಕಷ್ಟದ ನಾಟಕಗಳನ್ನೇ ಹುಡುಕಿಕೊಂಡು ಹೋದರು. ಹೆರಾಲ್ಡ್ ಪಿಂಟರ್ ಬರೆದ ‘ಲ್ಯಾಂಡ್‌ಸ್ಕೇಪ್’ ನಾಟಕದ ಕತೆ ತಮಾಷೆಯದು. ಇಂಗ್ಲೆಂಡಿನಲ್ಲಿ ಆಗ ಯಾವ ನಾಟಕವೂ ಅರಮನೆಯ ಅಧಿಕಾರಿ ಲಾರ್ಡ್ ಚೇಂಬರ್ಲಿನ್‌ನ ಅಪ್ಪಣೆಯಿಲ್ಲದೆ ರಂಗಕ್ಕೆ ಬರುವಂತಿರಲಿಲ್ಲ. ಒಂದಿಷ್ಟು ಒರಟು ಮಾತು ತೆಗೆಯಿರಿ ಎಂದು ಅವರ ಕಚೇರಿ ಹೇಳಿತು, ಪಿಂಟರ್ ಒಪ್ಪಲಿಲ್ಲ. ಬಾನುಲಿಗೆ ಆ ಕಾನೂನು ತಾಗುತ್ತಿರಲಿಲ್ಲ. ಹಾಗಾಗಿ 1968ರ ಏಪ್ರಿಲಿನಲ್ಲಿ ಪೆಗ್ಗಿ ಮತ್ತು ಎರಿಕ್ ಪೋರ್ಟರ್ ದನಿಯಲ್ಲಿ ನಾಟಕ ಪೂರ್ತಿಯಾಗಿ ರೇಡಿಯೋದಲ್ಲಿ ಬಂತು. ಸೆಪ್ಟೆಂಬರಿನಲ್ಲಿ ಸೆನ್ಸಾರ್ ಕಾನೂನೇ ರದ್ದಾಯಿತು, ಮರುವರ್ಷ ಆಲ್ಡ್‌ವಿಚ್ ರಂಗದ ಮೇಲೂ ಪೆಗ್ಗಿಯೇ ಆಡಿದರು. 1975ರಲ್ಲಿ ಬೆಕೆಟ್‌ನ ‘ಹ್ಯಾಪಿ ಡೇಸ್’. ಮೊದಲು ಸೊಂಟದವರೆಗೆ, ಆಮೇಲೆ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ಹೋದ ವಿನ್ನಿ ಒಂದೇ ಸಮನೆ ಮಾತಾಡುತ್ತಿರಬೇಕು. ನಟಿಗೆ ಉಳಿಯುವುದು ಕಣ್ಣು, ಬಾಯಿ, ಅಷ್ಟೇ. 1982ರಲ್ಲಿ ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ನ ಮುದಿ ಕೌಂಟೆಸ್ ಆಗಿ ರಂಗಭೂಮಿಗೆ ವಿದಾಯ.

ಆಮೇಲೆ ಬಂತು ಭಾರತ. 1978ರಲ್ಲಿ ಜೇಮ್ಸ್ ಐವರಿಯ ಚಿತ್ರವೊಂದಕ್ಕೆ ಜೋಧಪುರಕ್ಕೆ ಬಂದು ಹೋಗಿದ್ದರು. ಈ ಸಲ ಬಂದದ್ದು ಪಾಲ್ ಸ್ಕಾಟ್‌ನ ಕಾದಂಬರಿಗಳನ್ನು ಗ್ರೆನಡಾ ಟೆ‌ಲಿವಿಷನ್ ಹದಿನಾಲ್ಕು ಕಂತುಗಳಲ್ಲಿ ಮಾಡಿದ ‘ದಿ ಜ್ಯುವೆಲ್ ಇನ್ ದಿ ಕ್ರೌನ್’ಗೆ. ಉದಯಪುರ, ಸಿಮ್ಲಾ, ಕಾಶ್ಮೀರ, ನಮ್ಮ ಮೈಸೂರು ಎಲ್ಲ ಕಡೆ ಅದರ ಶೂಟಿಂಗ್ ನಡೆಯಿತು. ಪೆಗ್ಗಿಯ ಪಾತ್ರ ನಿವೃತ್ತ ಮಿಷನರಿ ಟೀಚರ್ ಬಾರ್ಬಿ ಬ್ಯಾಚಲರ್. ವಟವಟ ಮಾತು, ಹಳೆಯ ಸಾಮಾನು ತುಂಬಿದ ಒಂದು ಟ್ರಂಕು, ತನ್ನವರೆಂಬುವರು ಯಾರೂ ಇಲ್ಲ. ಬಿಳಿಯರ ಗಿರಿಧಾಮದ ಬಂಗಲೆಯಲ್ಲಿ ಅವಳನ್ನು ಸಹಿಸುವುದೇ ಒಂದು ಉಪಕಾರ ಎಂಬಂತೆ ಎಲ್ಲರೂ ನಡೆದುಕೊಳ್ಳುತ್ತಾರೆ. ದೇವರು ತನ್ನ ಪ್ರಾರ್ಥನೆ ಕೇಳಿಸಿಕೊಳ್ಳುತ್ತಿಲ್ಲ ಎಂಬ ಗುಮಾನಿ ಅವಳಿಗೆ. ಕೊನೆಗೆ ಟ್ರಂಕು ಹೇರಿಕೊಂಡು ಬರುವ ಟಾಂಗಾ ಇಳಿಜಾರಿನಲ್ಲಿ ಉರುಳುತ್ತದೆ, ಆಸ್ಪತ್ರೆಯಲ್ಲಿ ಮಾತು ಬಿಟ್ಟು ಕೂರುತ್ತಾಳೆ. ವಸಾಹತುಶಾಹಿಯ ಕತೆಗಳಲ್ಲಿ ದರ್ಪದ ಕಲೆಕ್ಟರರು, ಕುಡುಕ ಕರ್ನಲ್ಲರು ಬೇಕಾದಷ್ಟು ಸಿಗುತ್ತಾರೆ. ಆ ಸಾಮ್ರಾಜ್ಯವೇ ಬೇಡವೆಂದು ಮೂಲೆಗೆ ತಳ್ಳಿದ ಬಿಳಿ ಹೆಂಗಸನ್ನು ಇಷ್ಟು ಹತ್ತಿರದಿಂದ ತೋರಿಸಿದ್ದು ಅಪರೂಪ.

ಆ ಧಾರಾವಾಹಿಯ ದಣಿವು ಆರುವ ಮೊದಲೇ ಡೇವಿಡ್ ಲೀನ್ ಕರೆ ಬಂತು. ಹದಿಮೂರು ವರ್ಷಗಳಿಂದ ಸಿನಿಮಾ ಮಾಡದಿದ್ದ ಲೀನ್ ಫಾರ್ಸ್ಟರ್‌ನ ‘ಎ ಪ್ಯಾಸೇಜ್ ಟು ಇಂಡಿಯಾ’ ಕೈಗೆತ್ತಿಕೊಂಡಿದ್ದರು. ನನಗೆ ಎಪ್ಪತ್ತೈದಾಯಿತು ಎಂದು ಪೆಗ್ಗಿ ಹಿಂಜರಿದರೆ, ನನಗೂ ಅಷ್ಟೇ ಎಂದು ಲೀನ್ ಉತ್ತರ ಕೊಟ್ಟರಂತೆ. ಕಾದಂಬರಿಯ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಗುಡ್ಡಗಳು. ಲೀನ್ ಕಣ್ಣಿಗೆ ಅವು ಸಾಲಲಿಲ್ಲ. ಕ್ಯಾಮೆರಾ ಬಂದು ನಿಂತದ್ದು ಮಾಗಡಿ ತಾಲ್ಲೂಕಿನ ಸಾವನದುರ್ಗದ ಮುಂದೆ, ರಾಮನಗರದ ಬಂಡೆಗಳ ಮುಂದೆ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಕಿತ್ತುಕೊಂಡ ದುರ್ಗ ಅದು. ಈಗ ಇಂಗ್ಲಿಷರು ಮತ್ತೆ ಬಂದದ್ದು ಗುಹೆಗಾಗಿ, ಆದರೆ ಅಲ್ಲಿ ಬೇಕಾದಂಥ ಗುಹೆ ಇರಲಿಲ್ಲ! ಬಂಡೆ ಸಿಡಿಸಿ ಗುಹೆಯ ಬಾಯಿ ಮಾಡಿಕೊಂಡರು. ಕಾದಂಬರಿಯ ಊರು ಚಂದ್ರಾಪುರದ ಪೇಟೆ ಬೀದಿ ಬೆಂಗಳೂರು ಅರಮನೆಯ ಮೈದಾನದಲ್ಲಿ ಎದ್ದಿತು, ಅದರ ಕಲಾ ನಿರ್ದೇಶನ ಜಾನ್ ಬಾಕ್ಸ್‌ರದು. ಗುಡ್ಡಕ್ಕೆ ಹೋಗುವ ರೈಲು ನೀಲಗಿರಿಯದು. ಒಳಾಂಗಣದ ಹಲವು ದೃಶ್ಯಗಳು ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೋದಲ್ಲಿ. ಬಿಹಾರವೆಂದು ಜಗತ್ತು ನಂಬಿದ್ದರಲ್ಲಿ ಅರ್ಧಕ್ಕರ್ಧ ನಮ್ಮ ಹಳೇ ಮೈಸೂರು ಸೀಮೆ.

ಪೆಗ್ಗಿಯ ಮಿಸೆಸ್ ಮೂರ್ ಕತ್ತಲ ಮಸೀದಿಯಲ್ಲಿ ಡಾಕ್ಟರ್ ಅಜೀಜ್‌ಗೆ ಮೊದಲು ಸಿಗುತ್ತಾಳೆ, ಚಪ್ಪಲಿ ಕಳಚಿಟ್ಟು ಬಂದವಳು. ಅಜೀಜ್ ಪಾತ್ರದ ವಿಕ್ಟರ್ ಬ್ಯಾನರ್ಜಿಯ ಜೊತೆ ಆ ದೃಶ್ಯ ನಡೆಯುವುದು ಎಷ್ಟು ಸಲೀಸೆಂದರೆ, ಇಡೀ ಚಿತ್ರ ಆ ಸ್ನೇಹದ ಮೇಲೆ ನಿಂತಿದೆ ಎಂದು ಗೊತ್ತಾಗುವಷ್ಟರಲ್ಲಿ ದೃಶ್ಯ ಮುಗಿದಿರುತ್ತದೆ. ಗುಹೆಯೊಳಗೆ ನೂಕುನುಗ್ಗಲು, ಸೆಕೆ, ಮಾತೆಲ್ಲ ಒಂದೇ ಗುಂಯ್‌ಗುಟ್ಟುವಿಕೆಯಾಗುವ ಮಾರ್ದನಿ. ಹೊರಗೆ ಬಂದವಳು ಕುರ್ಚಿಯಲ್ಲಿ ಕುಸಿದು ಕೂರುತ್ತಾಳೆ. ಲೀನ್‌ಗೆ ಮಿಸೆಸ್ ಮೂರ್ ಒಬ್ಬ ಸಂತಳಾಗಿ ಬೇಕಿದ್ದಳು, ಬೆಳದಿಂಗಳು, ಸಂಗೀತ ಎಲ್ಲ ಅವಳಿಗೆ ಧಾರಾಳವಾಗಿ ಸುರಿದಿದ್ದಾರೆ. ಫಾರ್ಸ್ಟರ್‌ನ ಮುದುಕಿ ಸಿಡುಕಿ. ಗುಹೆಯ ನಂತರ ಅವಳಿಗೆ ನ್ಯಾಯವೂ ಬೇಡ, ಸಾಕ್ಷಿಯೂ ಬೇಡ, ಮದುವೆಯೂ ಬೇಡ, ಯಾರ ಉಸಾಬರಿಯೂ ಬೇಡ. ಮಗನ ಪ್ರಶ್ನೆಗಳಿಗೆ ಪೆಗ್ಗಿ ಕೊಡುವ ಆ ಒಣ ಉತ್ತರಗಳನ್ನು ಕೇಳಿದರೆ, ನಿರ್ದೇಶಕರ ಸಂತಳ ಒಳಗಿನಿಂದ ಕಾದಂಬರಿಕಾರನ ಮುದುಕಿಯನ್ನು ಆಕೆ ಹೇಗೆ ಹೊರಗೆ ಎಳೆದರು ಎಂದು ಕಾಣುತ್ತದೆ. ನಡುವೆ ಹಡಗಿನಲ್ಲಿ ಅವಳು ಸತ್ತ ಮೇಲೆ ಚಿತ್ರ ಸ್ವಲ್ಪ ಸೊರಗುತ್ತದೆ.

ಧಾರಾವಾಹಿ, ಸಿನಿಮಾ ಎರಡೂ ಬಂದದ್ದು 1984ರಲ್ಲಿ. ಎರಡಕ್ಕೂ ಪೆಗ್ಗಿಗೆ ಬಾಫ್ತಾ ಬಂತು, ಸಿನಿಮಾಕ್ಕೆ ಗೋಲ್ಡನ್ ಗ್ಲೋಬೂ ಬಂತು. 1985ರ ಮಾರ್ಚ್ 25ರಂದು ಅತ್ಯುತ್ತಮ ಪೋಷಕ ನಟಿ ಆಸ್ಕರ್. ಪೆಗ್ಗಿ ಲಾಸ್ ಏಂಜಲಿಸ್‌ಗೆ ಹೋಗಿರಲಿಲ್ಲ, ಏಂಜೆಲಾ ಲ್ಯಾನ್ಸ್‌ಬರಿ ವೇದಿಕೆಯೇರಿ ತೆಗೆದುಕೊಂಡರು. ಎಪ್ಪತ್ತೇಳನೇ ವಯಸ್ಸಿಗೆ ಆ ಪ್ರಶಸ್ತಿ ಪಡೆದವರು ಪೆಗ್ಗಿಯೊಬ್ಬರೇ, ದಾಖಲೆ ಇನ್ನೂ ಮುರಿದಿಲ್ಲ. ನಾಲ್ಕು ದಿನ ಮುಂಚೆ, 21ರಂದು, ಆಕೆಯ ಆಂಟನಿ ಮೈಕೆಲ್ ರೆಡ್‌ಗ್ರೇವ್ ತೀರಿಕೊಂಡಿದ್ದರು. 1989ರಲ್ಲಿ ವೆನಿಸ್ ಚಿತ್ರೋತ್ಸವ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ‘ಶೀಸ್ ಬೀನ್ ಅವೇ’ ಚಿತ್ರಕ್ಕಾಗಿ ಪೆಗ್ಗಿಗೂ ಸಹನಟಿ ಜೆರಾಲ್ಡೀನ್ ಜೇಮ್ಸ್‌ಗೂ ಜಂಟಿಯಾಗಿ ಕೊಟ್ಟಿತು. ಬಹುಮಾನ ಹಂಚಿಕೊಳ್ಳುವುದು ಆಲ್ಬರ್ಟ್ ಹಾಲಿನ ಕಾಲದಿಂದಲೂ ಆಕೆಗೆ ರೂಢಿ.

ಅದೇ 1989ರಲ್ಲಿ ಥೇಮ್ಸ್ ದಡದ ಸದಕ್‌ನಲ್ಲಿ ಆಫೀಸು ಕಟ್ಟಡಕ್ಕೆ ಪಾಯ ತೋಡುವಾಗ ರೋಸ್ ಥಿಯೇಟರಿನ ತಳಪಾಯ ಸಿಕ್ಕಿತು. ಫಿಲಿಪ್ ಹೆನ್ಸ್‌ಲೋ 1587ರಲ್ಲಿ ಕಟ್ಟಿಸಿದ ರಂಗಮಂದಿರ. ಮೇಲೆ ಕಾಂಕ್ರೀಟು ಸುರಿಯುವುದೆಂದು ನಿರ್ಧಾರವಾಗಿತ್ತು. ನಟರು ಬೀದಿಗಿಳಿದರು, ಎಂಬತ್ತೊಂದರ ಪೆಗ್ಗಿಯೂ ಬಂದರು. 1592ರಲ್ಲಿ ಆರನೇ ಹೆನ್ರಿಯ ನಾಟಕ ಆಡಿದ ನೆಲ ಅದು. ಗದ್ದಲದ ಫಲವಾಗಿ ಕಟ್ಟಡದ ವಿನ್ಯಾಸ ಬದಲಾಯಿತು. ಆಫೀಸು ಮೇಲೆದ್ದಿತು, ಅದರ ಕೆಳಗೆ ಅವಶೇಷಗಳು ಉಳಿದುಕೊಂಡವು.

ಕೊನೆಯ ಪಾತ್ರ ರೇಡಿಯೋದಲ್ಲಿ. ಟಾಮ್ ಸ್ಟಾಪರ್ಡ್ ಬರೆದ ‘ಇನ್ ದಿ ನೇಟಿವ್ ಸ್ಟೇಟ್’ 1991ರ ಏಪ್ರಿಲಿನಲ್ಲಿ ಬಿಬಿಸಿಯಿಂದ ಪ್ರಸಾರವಾಯಿತು. 1930ರಲ್ಲಿ ಭಾರತದ ಸಂಸ್ಥಾನವೊಂದಕ್ಕೆ ಬಂದು ಅಲ್ಲಿಯ ಚಿತ್ರಕಾರನ ಮುಂದೆ ಕೂತ ಇಂಗ್ಲಿಷ್ ಕವಯಿತ್ರಿಯ ಕತೆ. ಪೆಗ್ಗಿ ಮಾಡಿದ್ದು ದಶಕಗಳ ನಂತರ ಆ ಚಿತ್ರಕಾರನ ಮಗನಿಗೆ ಚಹಾ ಕೊಟ್ಟು ಮಾತಿಗೆ ಕೂರುವ ಅವಳ ತಂಗಿ ಮಿಸೆಸ್ ಸ್ವಾನ್ ಪಾತ್ರ. ಪ್ರಸಾರವಾಗಿ ಎರಡು ತಿಂಗಳು ತುಂಬುವ ಮೊದಲೇ, ಜೂನ್ 14ರಂದು ಲಂಡನ್ನಿನಲ್ಲಿ ಪೆಗ್ಗಿ ತೀರಿಕೊಂಡರು.